ಕರಬಸಪ್ಪನ ಎಡೆ

"ಥೂ, ನಿಮ್ಮ ಕುಲಕ್ಕ ಬೆಂಕಿ ಹಚ್ಚಲಿ! ದೇವ್ರ ಜಾಗಾದಾಗ ಹೆಣಾ ನೇತಾಕೀರಲ್ಲೋ, ವಡ್ಡ ಸೂಳೇಮಕ್ಳ್ಯಾ!"

ಮ್ಯಾನೇಜರ್ ಮುರಳೀಧರ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಕೂಗುತ್ತಿದ್ದ. ನಾನು ತಿರುಗಿ ನೋಡಲಿಲ್ಲ. ಕಂಬ ಎತ್ತುವ ಚೈನಿಗೆ ಚಿಗರಿಯ ಹಿಂಗಾಲು ಕಟ್ಟಿ ತೂಗುಹಾಕಿದ್ದೆವು. ಚರ್ಮ ತೊಡೆಯವರೆಗೆ ಇಳಿದಿತ್ತು. ನಡುವೆ ನಿಲ್ಲಿಸಿದರೆ ರೋಮ ಮಾಂಸಕ್ಕೆ ಹತ್ತಿಕೊಂಡು ಎಷ್ಟು ತೊಳೆದರೂ ಹೋಗುವುದಿಲ್ಲ.

"ಏ ಕಲ್ಮೇಶ, ನಿನಗ ಹೇಳಾಕತ್ತೀನಿ. ಕಿವಿ ಕಲ್ಲಾಗ್ಯಾವೇನು?"

"ಇವತ್ತ ಕರಬಸಪ್ಪಂದು ಒಂಬತ್ತರ ದಿನಾ ಐತ್ರಿ. ಎಡಿ ಇಡಬೇಕು."

"ಭಟ್ಟರು ಪಿಂಡಾ ಇಟ್ಟಾರಲ್ಲೋ!"

"ಅದು ನಿಮ್ಮ ಪಿಂಡ ಐತ್ರಿ. ಅಂವಾ ವಡ್ಡರಾಂವ."

"ಅಧ್ಯಕ್ಷರು ಬರ್ಲಿ ತಡಿ. ನಿಮ್ಮ ಪಾಸ್‌ಪೋರ್ಟ್ ಸುಟ್ಟ ಬೂದಿ ಮಾಡಸ್ತೀನಿ," ಎಂದು ಫೋನ್ ಹಿಡಿದು ಆಫೀಸಿಗೆ ಓಡಿದ.

ಅಮೆರಿಕದ ಷಾರ್ಲೆಟ್ ಊರಿನ ಹೊರಗೆ, ಪೈನ್ ಮರಗಳ ನಡುವೆ ಎದ್ದೇಳುತ್ತಿರುವ ಗುಡಿ ಇದು. ಕೊರೊನಾ ತಣ್ಣಗಾದ ಮೇಲೆ ಇಳಕಲ್ಲಿನ ಕಡೆಯಿಂದ ನಮ್ಮನ್ನು ಹನ್ನೊಂದು ಜನರನ್ನು ಕರೆಸಿಕೊಂಡರು. ವೀಸಾ ಕಾಗದದ ಪ್ರಕಾರ ನಾವು ಕಲ್ಲು ಒಡೆಯುವವರಲ್ಲ, ದೇವರ ಸೇವಕರು. ಯಾರು ಕೇಳಿದರೂ ಹಾಗೆಯೇ ಹೇಳಬೇಕೆಂದು ಬಾಯಿಪಾಠ ಮಾಡಿಸಿದ್ದಾರೆ. ಪಾಸ್‌ಪೋರ್ಟ್ ಮುರಳೀಧರನ ಆಫೀಸಿನ ಕಪಾಟಿನಲ್ಲಿ. ಬೇಲಿ ದಾಟುವಂತಿಲ್ಲ, ಮಾಂಸದ ಹೆಸರೆತ್ತುವಂತಿಲ್ಲ. ಎರಡು ಹೊತ್ತೂ ಬೇಳೆ ಅನ್ನ.

ಕರಬಸಪ್ಪ ಬೇಸಿಗೆಯಿಂದಲೂ ಕೆಮ್ಮುತ್ತಿದ್ದ. ಕಲ್ಲು ಕೊಯ್ಯುವ ಮಷಿನ್ನಿನ ಮುಂದೆ ಅವನದೇ ಪಾಳಿ, ಕಲ್ಲಿನ ಹುಡಿ ಒಳಹೋಗದಂತೆ ಬಾಯಿಗೆ ಕಟ್ಟಲು ಒಂದು ಹರಕು ಟವೆಲ್ಲು. ಆಸ್ಪತ್ರೆ ಎಂದಾಗ ಮುರಳೀಧರ, "ಅಲ್ಲೆ ಹೆಸರು ಕೇಳ್ತಾರ, ಕೆಲಸಾ ಏನಂತ ಕೇಳ್ತಾರ," ಎಂದು ಶುಂಠಿ ಕಷಾಯ ಕೊಟ್ಟ, ಎದೆಗೆ ಭಸ್ಮ ಹಚ್ಚಿಸಿದ. ಮಟಮಟ ಮಧ್ಯಾಹ್ನ, ತಾನು ಕೆತ್ತುತ್ತಿದ್ದ ಕಂಬಕ್ಕೆ ಒರಗಿ, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಟ್ಟು ಬಿಟ್ಟು ಸತ್ತ. ಭಕ್ತರೊಬ್ಬರು ಸೇವೆ ಮಾಡುತ್ತಲೇ ದೇವರ ಪಾದ ಸೇರಿದರು ಎಂದು ಪೊಲೀಸರಿಗೆ ಹೇಳಿದರು.

ಮೂರನೇ ದಿನ ಬೇಳೆ ಅನ್ನವನ್ನೇ ಎಡೆ ಇಟ್ಟಿದ್ದೆವು. ಕಾಗೆ ಬಂತು, ನೋಡಿತು, ಹಾರಿಹೋಯಿತು. ಮರುದಿನದಿಂದ ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಅವನ ಕಂಬದ ಕಡೆಯಿಂದ ಉಳಿಯ ಸದ್ದು. ಟಕ್, ಟಕ್, ಟಕ್, ಆಮೇಲೆ ಒಂದು ಕೆಮ್ಮು. ಟ್ರೇಲರಿನಲ್ಲಿ ಮಲಗಿದಲ್ಲೇ ತಲೆ ಎಣಿಸುತ್ತೇವೆ. ಹತ್ತೂ ಜನ ಒಳಗೇ ಇರುತ್ತೇವೆ. ಹೆದರಿಕೆ ಆಗುತ್ತದೆ, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಆಗುತ್ತದೆ. ನಮ್ಮವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ್ದೆವು.

ಇವತ್ತು ಬೆಳಿಗ್ಗೆ ಗೇಟಿನೆದುರು ಲಾರಿಯೊಂದು ಚಿಗರಿಗೆ ಬಡಿದು ನಿಲ್ಲದೆ ಹೋಯಿತು. ಪೆಟ್ಟು ಕುತ್ತಿಗೆಗೆ, ಮೈ ಇನ್ನೂ ಬಿಸಿ. ಯಾರೂ ಯಾರನ್ನೂ ಕೇಳಲಿಲ್ಲ. ಬೇಲಿ ದಾಟಿ ಎಳೆದುಕೊಂಡು ಬಂದೆವು.

ಚರ್ಮ ಪೂರ್ತಿ ಇಳಿಸಿ, ಕರುಳು ಒಡೆಯದಂತೆ ನಾನು ಹೊಟ್ಟೆ ಸೀಳಿದೆ. ಚಿಗರಿಯ ಕೊಬ್ಬು ತಣ್ಣಗಾದರೆ ಮೇಣದ ಹಾಗೆ ಬಾಯಿಗೆ ಅಂಟುತ್ತದೆ, ಅದನ್ನೆಲ್ಲ ಕೆರೆದು ತೆಗೆದೆವು. ಉಸಿರಿನ ಚೀಲ, ಪುಪ್ಪುಸ, ಹೊರಬಂದಾಗ ಎಲ್ಲರೂ ಬಗ್ಗಿ ನೋಡಿದರು. ತಿಳಿಗೆಂಪು ಬಣ್ಣ, ಹತ್ತಿಯಷ್ಟು ಹಗುರ. ಯಾರೂ ಅದಕ್ಕೆ ಚಾಕು ಹಾಕಲಿಲ್ಲ. ಪಕ್ಕದ ಕಲ್ಲಿನ ಮೇಲೆ ಇಟ್ಟೆವು.

ಕಲ್ಲು ತುಂಬಿಕೊಂಡು ಬಂದ ಪೆಟ್ಟಿಗೆಗಳ ಹಲಗೆ ಒಡೆದು ಉರಿ ಹಾಕಿದೆವು. ಪೂಜೆಯ ಅರಿಸಿನ, ಉಪ್ಪು. ಖಾರದ ಪುಡಿ ಕರಬಸಪ್ಪನ ಹೆಂಡತಿ ಬರುವಾಗ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟದ್ದು. ಅಷ್ಟು ಬಿಗಿಯಾದ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದೆ. ಅವಳಿಗೆ ಗಂಡನ ಹಿಡಿ ಬೂದಿ ಕೂಡ ಇನ್ನೂ ತಲುಪಿಲ್ಲ. ಮಾಂಸ ಕೊತಕೊತ ಕುದಿಯುತ್ತಿದ್ದಂತೆ ಊರಿನ ವಾಸನೆ ಬಂತು. ಇಬ್ಬರು ಅತ್ತರು.

ಅಷ್ಟರಲ್ಲಿ ಗುಡಿ ಸಮಿತಿಯ ಅಧ್ಯಕ್ಷರ ಕಾರು ಬಂತು. ವೇಣುಗೋಪಾಲ ಅವರು ಷಾರ್ಲೆಟ್ಟಿನಲ್ಲಿ ಪುಪ್ಪುಸದ ದೊಡ್ಡ ಡಾಕ್ಟರು. ಬೈಗುಳ ಅವರ ಬಾಯಲ್ಲಿ ಬರುವುದಿಲ್ಲ.

"ನೋಡಿ ಕಲ್ಮೇಶ್, ನಾನು ಕಾಸ್ಟ್ ಗೀಸ್ಟ್ ಎಲ್ಲಾ ನೋಡೋನಲ್ಲ. ಆದ್ರೆ ಇದು ಟೆಂಪಲ್ ಸೈಟ್. ನೇಬರ್ಸ್ ಹೊಗೆ ನೋಡಿ ಕಂಪ್ಲೇಂಟ್ ಮಾಡಿದ್ರೆ ಏನ್ ಹೇಳೋದು? ಎಲ್ಲಾ ಟ್ರ್ಯಾಶ್ ಬ್ಯಾಗ್‌ಗೆ ಹಾಕಿ ಕ್ಲೀನ್ ಮಾಡ್ಬಿಡಿ. ಇಲ್ಲಾಂದ್ರೆ ನಾಳೆನೇ ಎಲ್ರಿಗೂ ಟಿಕೆಟ್ ಬುಕ್ ಮಾಡ್ಸ್ತೀನಿ."

ಮುರಳೀಧರ ಪಾತ್ರೆ ಒದೆಯಲು ಕಾಲೆತ್ತಿದ. ನಮ್ಮವರು ಒಲೆಯ ಸುತ್ತ ನಿಂತರು. ಅವನ ಕಾಲು ಕೆಳಗಿಳಿಯಿತು.

ನಾನು ಪುಪ್ಪುಸವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಡಾಕ್ಟರ ಮುಂದೆ ಹಿಡಿದೆ.

"ಇದನ್ನೊಮ್ಮೆ ನೋಡ್ರಿ ಸಾಹೇಬ್ರ. ಚಿಗರೀದು. ಕರಬಸಪ್ಪಂದು ನೋಡಾಕ ನಿಮಗ ಪುರುಸೊತ್ತ ಆಗಲಿಲ್ಲ."

ಅವರು ಹಿಂದೆ ಸರಿದರು. ಒಲೆಯ ಹತ್ತಿರ ಯಾರೋ ಕೆಮ್ಮಿದರು. ಡಾಕ್ಟರು ಥಟ್ಟನೆ ಆ ಕಡೆ ತಿರುಗಿದರು. ಆ ಕೆಮ್ಮು ಕಲ್ಲಿನ ಹುಡಿಯದೆಂದು ಅವರಿಗೆ ಗೊತ್ತಾಯಿತು. ಅದು ಅವರ ಮುಖದಲ್ಲೇ ಕಂಡಿತು.

"ಎಷ್ಟ್ ದಿನದಿಂದ ಇದೆ ಇದು?" ದನಿ ಇಳಿದಿತ್ತು.

"ಯಾರದ್ರಿ? ಹತ್ತೂ ಮಂದಿಗಿ ಐತಿ."

ಅವರು ಕಾರಿನ ಕಡೆ ನೋಡಿದರು. ನಾನು ಅನ್ನದ ಮೇಲೆ ಮಾಂಸ ಬಡಿಸಿ, ಕರಬಸಪ್ಪನ ಕಂಬದ ಬುಡದಲ್ಲಿ ಎಡೆ ಇಟ್ಟು ಕೈಮುಗಿದೆ. ಆಮೇಲೆ ನೆತ್ತರಿನ ಕೈಯಲ್ಲೇ ಅಂಗಿಯ ಗುಂಡಿ ಬಿಚ್ಚಿ, ಡಾಕ್ಟರಿಗೂ ಕಾರಿಗೂ ನಡುವೆ ಹೋಗಿ ನಿಂತೆ. ಉಳಿದ ಒಂಬತ್ತು ಜನ ಒಬ್ಬೊಬ್ಬರಾಗಿ ಬಂದು, ಎದೆ ತೆರೆದುಕೊಂಡು, ನನ್ನ ಪಕ್ಕದಲ್ಲಿ ಸಾಲು ನಿಂತರು.