ಬಾಗಿಲಲ್ಲಿ ನಿಂತವರು

ಕಾನ್ಸಸ್‌ನ ನಮ್ಮ ಹುಲ್ಲುಬಯಲಲ್ಲಿ ಓರಿನ್ ಎನ್ನುವ ಗಂಡುಮಕ್ಕಳು ಐದು ಜನ ಇದ್ದಾರೆ. ಹೆರಿಗೆ ಮಾಡಿಸಿದ ಡಾಕ್ಟರ ಹೆಸರನ್ನೇ ಮಗುವಿಗೆ ಇಡುವುದು ಇಲ್ಲಿಯ ಮರ್ಯಾದೆ. ಡಾಕ್ಟರ್ ಓರಿನ್ ನನ್ನ ಗಂಡ. ಐದರಲ್ಲಿ ನಾಲ್ಕು ಹೆರಿಗೆ ಮಾಡಿಸಿದವಳು ನಾನು. ಅವರು ಆಗ ಇನ್ನೆಲ್ಲೋ ಯಾರದೋ ಮುರಿದ ಕಾಲು ಕಟ್ಟುತ್ತಿದ್ದರು. ಹೆಸರು ಹಾಳಾಗಿ ಹೋಗಲಿ, ನನಗೆ ಬೇಕಿದ್ದದ್ದು ಲೊವೀನಾಳ ಜೀವ.

ಆ ಮಂಗಳವಾರ ಬೆಳಿಗ್ಗೆ ಲೂಥರ್ ಗ್ಯಾಂಬಲ್‌ನ ಹುಲ್ಲು ಸಮೇತ ಕಿತ್ತ ಮಣ್ಣುಹೆಂಟೆಗಳ ಮನೆಯ ಮೇಲೆ ಬಿಳಿ ದುಪ್ಪಟಿ ಹಾರುತ್ತಿತ್ತು. ದುಪ್ಪಟಿ ಏರಿಸಿದರೆ ಡಾಕ್ಟರು ಬರಬೇಕು. ಅವನ ಹೆಂಡತಿ ಲೊವೀನಾಳಿಗೆ ದಿನ ತುಂಬಿತ್ತು. ಓರಿನ್ ಹಿಂದಿನ ದಿನವೇ ನದಿಯಾಚೆ ಜ್ವರದ ಮನೆಗಳಿಗೆ ಹೋಗಿದ್ದರು. ನಾನೇ ಚೀಲ ಹಿಡಿದು ಕುದುರೆ ಹತ್ತಿದೆ.

ಲೂಥರ್ ಬಾಗಿಲಿಗೆ ಅಡ್ಡ ನಿಂತ. ಡಾಕ್ಟರು ಬರುವುದು ತಡವಾಗುತ್ತದೆ ಎಂದೆ.

"ಹಾಗಾದ್ರೆ ಕಾಯ್ತೀವಿ. ನಾನು ಕರೆಸಿದ್ದು ಡಾಕ್ಟರನ್ನ ಕಣಮ್ಮ, ಡಾಕ್ಟರ ಹೆಂಡತೀನಲ್ಲ."

ಮಗುವಿನ ಕೈ ಮೊದಲು ಬಂದಿದೆ ಎಂದು ಲೊವೀನಾಳೇ ಒಳಗಿನಿಂದ ಕೂಗಿದಳು. ಅಂಥ ಮಗುವನ್ನು ತಿರುಗಿಸುವುದು ನನಗೆ ಗೊತ್ತು, ಎರಡು ಸಲ ತಿರುಗಿಸಿದ್ದೇನೆ. ಹೇಳಿದೆ, ಬೇಡಿಕೊಂಡೆ, ಬಾಯಿಗೆ ಬಂದಂತೆ ಬೈದೆ. ಆ ಕಂಬದಂಥ ಮನುಷ್ಯ ಕದಲಲಿಲ್ಲ. ಮಧ್ಯಾಹ್ನ ಒಳಗಿನ ಕೂಗು ನಿಂತಾಗ ಹೆದರಿ ದಾರಿ ಬಿಟ್ಟು, ಡಾಕ್ಟರನ್ನು ಹುಡುಕಲು ಓಡಿದ. ಮಗುವನ್ನು ತಿರುಗಿಸಿ ಹೊರಗೆ ತೆಗೆದೆ, ಅದು ಉಳಿಯಿತು. ತಾಯಿಯ ರಕ್ತ ನಿಲ್ಲಿಸಲು ನನ್ನಿಂದಾಗಲಿಲ್ಲ. ಅವನು ಓರಿನ್‌ರನ್ನು ಕರೆತಂದಾಗ ನಾನು ಅವಳ ಕಣ್ಣು ಮುಚ್ಚುತ್ತಿದ್ದೆ.

ಮಣ್ಣು ಮಾಡಿದ ದಿನ ಲೂಥರ್ ಎಲ್ಲರೆದುರು ನನ್ನ ಗಂಡನ ಕೈ ಹಿಡಿದು ಅತ್ತ. ಮಗುವನ್ನಾದರೂ ಉಳಿಸಿಕೊಟ್ಟಿರಿ, ನಿಮ್ಮ ಹೆಸರೇ ಇಡುತ್ತೇನೆ ಎಂದ. ಉಳಿಸಿದ್ದು ನಾನಲ್ಲ, ಇವಳು ಎನ್ನಲು ಎಷ್ಟು ಹೊತ್ತು ಬೇಕು? ನನ್ನ ಗಂಡ ಹ್ಯಾಟು ತೆಗೆದು ಆಗಲಿ ಎಂಬಂತೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದ ಮೇಲೆ, ಹೆಣದ ಮುಂದೆ ಜಗಳ ಯಾಕೆಂದು ಸುಮ್ಮನಿದ್ದೆ ಎಂದು ಸಮಜಾಯಿಷಿ ಕೊಟ್ಟರು.

"ಇಷ್ಟು ವರ್ಷ ಸುಮ್ನಿದ್ರಲ್ಲ, ಅದಕ್ಕೇ ಅವನು ಬಾಗಿಲು ಬಿಡಲಿಲ್ಲ. ಅವಳನ್ನ ಕೊಂದದ್ದರಲ್ಲಿ ನಿಮ್ಮ ಪಾಲೂ ಇದೆ ಕಣ್ರೀ."

ಅವರು ಊಟ ಬಿಟ್ಟು ಎದ್ದರು. ಏಳಲಿ, ನಾನು ಕರೆಯಲಿಲ್ಲ.

ಹತ್ತು ದಿನಕ್ಕೆ ಹಾಲ್‌ಸ್ಟೆಡ್‌ರ ಮನೆಯ ಮೇಲೆ ದುಪ್ಪಟಿ ಏರಿತು. ಅಲ್ಲಿಯ ಸೊಸೆ ಬಸುರಿ. ಓರಿನ್ ಚೀಲಕ್ಕೆ ಕೈ ಹಾಕಿದರು, ಕಿತ್ತುಕೊಂಡೆ.

"ಚೀಲ ನಾನು ತರ್ತೀನಿ. ನೀವು ಬಾಗಿಲಲ್ಲಿ ನಿಂತು ನಿಜ ಹೇಳಿ, ಸಾಕು."

ಇಬ್ಬರೂ ಕುದುರೆ ಹತ್ತಿ ಹಾಲ್‌ಸ್ಟೆಡ್‌ರ ಮನೆಗೆ ಹೋದೆವು. ಅಂಗಳದಲ್ಲಿ ನೆರೆಯ ಗಂಡಸರು ಸೇರಿದ್ದರು, ಲೂಥರನೂ ಇದ್ದ. ಓರಿನ್ ಇಳಿದು ಬಾಗಿಲಿಗೆ ಹೋಗಿ ನಿಂತರು.

"ಲೂಥರ್, ನಿನ್ನ ಮಗನ್ನ ಉಳಿಸಿದ್ದು ಇವಳು. ಆವತ್ತು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವಳನ್ನ ಒಳಗೆ ಬಿಡಿ."

ಯಾರೂ ಅಡ್ಡ ಬರಲಿಲ್ಲ. ನಾನು ಅಂಗಿಯ ತೋಳು ಮಡಚುತ್ತ ಒಳಗೆ ಹೋದೆ. ಇಷ್ಟೇ ಮಾತು. ಇದನ್ನು ಮೊದಲನೇ ಓರಿನ್ ಹುಟ್ಟಿದಾಗಲೇ ಆಡಿದ್ದರೆ ಲೊವೀನಾ ಈಗ ಮಗುವಿಗೆ ಹಾಲು ಕುಡಿಸುತ್ತಿದ್ದಳು.