ಬೆಳಕಿದ್ದರೂ ಹಿಮ ಕಾಯುವುದಿಲ್ಲ

ಭೂಮಿಯ ದಕ್ಷಿಣ ತುದಿಗಿರುವ ನಮ್ಮ ಬಾರಿಲೋಚೆ ಕಡೆ ಡಿಸೆಂಬರ್ ಬಂತೆಂದರೆ ಬೇಸಿಗೆ ಶುರು. ಗುಡಾರ, ಹಾಸಿಗೆ, ಪಾತ್ರೆ ಎಲ್ಲ ಬೆನ್ನಿಗೇರುತ್ತವೆ. ಜೊತೆಗೆ ಒಂದು ಕಾಯಿಲೆಯೂ ಶುರುವಾಗುತ್ತದೆ. ಸರೋವರದ ದಂಡೆಯಲ್ಲಿ ನಡೆಯಲೆಂದು ಬಂದವರು ತಲೆ ಎತ್ತಿ ನೋಡಿ, "ಇಷ್ಟು ದೂರ ಬಂದಾಯ್ತಲ್ಲ, ಹಾಗೇ ಮೇಲೂ ಹೋಗಿಬರೋಣ" ಎನ್ನುತ್ತಾರೆ. ಈ ಕಾಯಿಲೆ ನನ್ನ ಗಂಡ ಒಸ್ವಾಲ್ದೊಗೆ ಬಂದಾಗ ಏನಾಯಿತೆಂದು ಹೇಳುತ್ತೇನೆ. ಹೇಳಲು ಅವರ ಒಪ್ಪಿಗೆ ಕೇಳಿಲ್ಲ, ಕೇಳುವುದೂ ಇಲ್ಲ.

ನಾವು ನಾಲ್ವರು ಹೋಗಿದ್ದೆವು. ನಾನು, ಗಂಡ, ಹದಿನಾರರ ಮಗಳು ಯಮಿಲಾ, ಮತ್ತು ನಾದಿನಿ ದೆಲಿಯಾ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕೆಳಗೆ ತರುವ ಸ್ವಯಂಸೇವಕರಲ್ಲಿ ದೆಲಿಯಾ ಒಬ್ಬಳು. ಊರೆಲ್ಲ ಅವಳ ಮಾತು ಕೇಳುತ್ತದೆ, ಅವಳ ಅಣ್ಣನನ್ನು ಬಿಟ್ಟು. ಹಿತ್ತಲ ಗಿಡ ಮದ್ದಲ್ಲ.

ಅಂದು ಬೆಳಿಗ್ಗೆ ಗುಡಾರದ ಮುಂದೆ ಮಾಟೆ ಎಲೆಯ ಬಿಸಿ ಕಷಾಯ ಕುಡಿಯಲು ಕೂತೆವು. ಒಂದೇ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಾ, ಹರಟೆ ಬೆಳೆಯುತ್ತಾ, ಸೂರ್ಯ ನೆತ್ತಿಗೆ ಬಂದ. ಆಗ ಒಸ್ವಾಲ್ದೊ ಎದುರಿನ ಕನೋಸೊ ಬೆಟ್ಟ ನೋಡಿದರು. ಬೆಟ್ಟದ ತಲೆಯೆಲ್ಲ ಇನ್ನೂ ಹಿಮದಿಂದ ಬೆಳ್ಳಗಿತ್ತು.

"ಎಷ್ಟು ಹತ್ರ ಇದೆ ನೋಡೇ. ಹತ್ತಿ ಇಳಿದುಬಿಡೋಣ."

"ದೂರದ ಬೆಟ್ಟ ನುಣ್ಣಗೆ ಕಣ್ರೀ. ಸುಮ್ನೆ ಕೂತ್ಕೊಳ್ಳಿ" ಎಂದೆ.

ದೆಲಿಯಾ ಬುರುಡೆ ಕೆಳಗಿಟ್ಟಳು. "ಅಣ್ಣ, ಹತ್ತೋದಾದ್ರೆ ಸೂರ್ಯ ಹುಟ್ಟೋ ಮೊದ್ಲೇ ಹೊರಡ್ಬೇಕಿತ್ತು. ಈಗ ಹಿಮ ಎಲ್ಲ ಗಂಜಿ ಆಗಿರುತ್ತೆ."

"ರಾತ್ರಿ ಒಂಬತ್ತಾದ್ರೂ ಬೆಳಕಿರುತ್ತಲ್ಲೇ. ಏನ್ ಅವಸರ?"

"ಬೆಳಕಿರುತ್ತೆ, ಹಿಮ ಕಾಯಲ್ಲ. ಮಧ್ಯಾಹ್ನ ಕಾಲಿಟ್ರೆ ತೊಡೆವರೆಗೂ ಹೂತುಹೋಗ್ತೀಯ. ಅಡಿಯಲ್ಲಿ ತೊರೆ ಹರೀತಿರುತ್ತೆ, ಮೇಲಿಂದ ಕಾಣಲ್ಲ. ಇಳಿಯೋ ಹೊತ್ತಿಗೆ ಅದೇ ಹಿಮ ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತೆ. ಹಿಮಗೊಡಲಿ ಇಲ್ಲ, ಬೂಟಿಗೆ ಕಟ್ಟೋ ಮುಳ್ಳಿನ ಪಟ್ಟಿ ಇಲ್ಲ, ಏನ್ ಹಿಡ್ಕೊಂಡು ನಿಲ್ತೀಯ?"

"ನಮ್ಮಪ್ಪ ಬಟ್ಟೆ ಚಪ್ಪಲೀಲಿ ಹತ್ತಿದ್ರು ಗೊತ್ತಾ?"

"ನನಗೂ ಅವರೇ ಅಪ್ಪ. ಅವರು ಹತ್ತಿದ್ದು ಮಾರ್ಚ್‌ನಲ್ಲಿ. ಹಿಮ ಕರಗಿ ಬರೀ ಕಲ್ಲಿತ್ತು ಆಗ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವರು ಎದ್ದೇಬಿಟ್ಟರು. ಯಮಿಲಾ ಕೂಡ ಬೂಟಿಗೆ ಕಾಲು ತೂರಿಸಿದಳು. "ನೀನೆಲ್ಲಿಗೇ?" ಎಂದರೆ ಬಗ್ಗಿ ದಾರ ಕಟ್ಟತೊಡಗಿದಳು. ಮಗಳು ಹೋದ ಮೇಲೆ ತಾಯಿ ಕೂತಿರಲಾದೀತೇ? ನಾನೂ ಎದ್ದೆ. ದೆಲಿಯಾ ಪಕ್ಕದ ಗುಡಾರದವರಿಗೆ ನಾವು ಹೋಗುವ ದಾರಿ ಹೇಳಿ, ಕತ್ತಲಾಗುವುದರೊಳಗೆ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂದೂ ಹೇಳಿ ಬಂದಳು.

"ಊರಿಗೆಲ್ಲಾ ಡಂಗುರ ಹೊಡಿ" ಎಂದು ಗಂಡ ನಕ್ಕರು. ನನಗೆ ಮೈ ಉರಿಯಿತು.

ಹಿಮ ಶುರುವಾದ ಮೇಲೆ ಪ್ರತಿ ಹೆಜ್ಜೆಗೂ ಕಾಲು ಹೂತುಹೋಗುತ್ತಿತ್ತು. ಎಳೆದರೆ ಬೂಟಿನೊಳಗೆ ನೀರು. ಯಮಿಲಾಳ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. "ಸಾಕು ತಿರುಗಿ" ಎಂದು ನಾನು ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ. ಈ ಮನುಷ್ಯ ಹಿಡಿದ ಮೊಲಕ್ಕೆ ಮೂರೇ ಕಾಲು. ಅಷ್ಟು ಕಡಿದಾದ ಇಳಿಜಾರಿನಲ್ಲೂ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡೇ ಹತ್ತುತ್ತಿದ್ದರು. ಕೊಡಲಿ ಹಿಡಿಯಬೇಕಾದ ಕೈಯಲ್ಲಿ ಮಾಟೆ ಬುರುಡೆ. ನಮ್ಮ ಜನ ಮನೆ ಬೇಕಾದರೂ ಮರೆತಾರು, ಫ್ಲಾಸ್ಕು ಮರೆಯುವುದಿಲ್ಲ.

ನಡುದಾರಿಯಲ್ಲಿ ನಿಂತು ಮಾಟೆಗೆ ನೀರು ಬಗ್ಗಿಸಲು ಹೋದರು. ಫ್ಲಾಸ್ಕು ಜಾರಿತು. ಹಿಂದೆಯೇ ಇದ್ದ ಯಮಿಲಾ ಅದನ್ನು ಹಿಡಿಯಲು ಬಾಗಿದಳು, ಕಾಲು ತಪ್ಪಿತು. ನನ್ನ ಪಕ್ಕದಲ್ಲೇ ಜಾರಿಹೋದಳು. ಕೈ ಚಾಚಿದೆ, ಅಂಗಿಯ ತುದಿಯೂ ಸಿಗಲಿಲ್ಲ.

ಕೆಳಗೆ ಒಂದು ಕಡೆ ಹಿಮ ಕುಸಿದು ಅವಳು ಸೊಂಟದವರೆಗೆ ಹೂತುಹೋದಳು. ಅಡಿಯಲ್ಲಿ ನೀರು ಹರಿಯುವ ಸದ್ದು ನಮಗೂ ಕೇಳುತ್ತಿತ್ತು.

"ಅಮ್ಮಾ, ಕಾಲಿಗೆ ನೆಲ ಸಿಗ್ತಿಲ್ಲ."

ಒಸ್ವಾಲ್ದೊ ಓಡಲು ಹೊರಟರು. ದೆಲಿಯಾ ಅವರ ಕಾಲರ್ ಹಿಡಿದಳು. "ಓಡ್ಬೇಡ. ನಿನ್ನ ಭಾರಕ್ಕೆ ಇಬ್ರೂ ಒಳಗೆ ಹೋಗ್ತೀರಿ. ಯಮಿಲಾ, ಒದ್ದಾಡ್ಬೇಡ ಪುಟ್ಟಿ, ಕೈ ಅಗಲ ಮಾಡಿ ಮಲಗು."

ದೆಲಿಯಾ ಜಾಕೆಟ್ಟು ಬಿಚ್ಚಿ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಅದರ ತೋಳನ್ನು ಯಮಿಲಾಳ ಕೈಗೆ ಸಿಗುವಂತೆ ಎಸೆದಳು. ಅವಳ ಕಾಲನ್ನು ನಾನು ಹಿಡಿದೆ, ನನ್ನ ಕಾಲನ್ನು ಗಂಡ ಹಿಡಿದರು. ಅಂಗುಲ ಅಂಗುಲವಾಗಿ ಮಗಳು ಹೊರಗೆ ಬಂದಳು. ಒಂದು ಬೂಟು ತೊರೆಯ ಪಾಲಾಯಿತು. ಪಾದ ಸುಣ್ಣದಂತೆ ಬೆಳ್ಳಗಾಗಿತ್ತು.

ಇಷ್ಟಾದರೂ ಗಂಡನ ಬಾಯಿಂದ ಬಂದದ್ದು, "ತುದಿ ಇಲ್ಲೇ ಇತ್ತು."

ಹೊಡೆಯಲು ಕೈ ಎತ್ತಿದ್ದೆ. ನಿಜವಾಗಿ ಎತ್ತಿದ್ದೆ.

ನಾನು ಪಾದ ಉಜ್ಜಲು ಹೋದಾಗ ದೆಲಿಯಾ ತಡೆದಳು. "ಉಜ್ಜಬೇಡಿ ಅತ್ತಿಗೆ, ಚರ್ಮ ಕಿತ್ತು ಬರುತ್ತೆ. ಮೈಶಾಖ ಕೊಡ್ಬೇಕು. ಅಣ್ಣ, ಅಂಗಿ ಎತ್ತು." ಒಸ್ವಾಲ್ದೊ ಮಗಳ ಪಾದವನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದು ಕೂತರು.

"ನಿನಗ್ಯಾಕೆ ಬೇಕಿತ್ತು ಈ ಬೆಟ್ಟ?" ಎಂದು ನಾನು ಮಗಳನ್ನೇ ಬೈದೆ.

"ನಂಗೆಲ್ಲಿ ಬೇಕಿತ್ತಮ್ಮ?" ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಅಪ್ಪ ಒಬ್ನೇ ಹೋಗ್ತಾನಲ್ಲ ಅಂತ ಬಂದೆ."

ಒಸ್ವಾಲ್ದೊ ತಲೆ ತಗ್ಗಿಸಿದರು. ತಮ್ಮ ಬೂಟು ಬಿಚ್ಚಿ ಅವಳಿಗೆ ತೊಡಿಸಿ, ತಮ್ಮ ಕಾಲಿಗೆ ಶಾಲು ಸುತ್ತಿಕೊಂಡು, ಹಿಮ ಗಟ್ಟಿಯಾಗುವ ಮೊದಲೇ ನಮ್ಮ ಜೊತೆ ಇಳಿದರು. ದಾರಿಯುದ್ದಕ್ಕೂ ತುದಿಯ ಮಾತು ಬರಲಿಲ್ಲ. ಈಗ ಯಾರಾದರೂ ಬೆಟ್ಟದ ಮಾತೆತ್ತಿದರೆ, "ದೆಲಿಯಾನ ಕೇಳಿ" ಎನ್ನುತ್ತಾರೆ. ಅಷ್ಟಕ್ಕೆ ಒಂದು ಬೂಟು ಹೋಗಬೇಕಾಯಿತು. ಮಗಳು ಹೋಗಲಿಲ್ಲ, ನನ್ನ ಪುಣ್ಯ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬೆಟ್ಟ ಹತ್ತಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಬಲ್ಲವರನ್ನು ಕೇಳಿ, ಸಲಕರಣೆ ತೆಗೆದುಕೊಂಡು, ಯಾರಿಗಾದರೂ ಹೇಳಿ ಹೋಗಿ. ನಸುಕಿನಲ್ಲಿ ಹೊರಟು, ಹಿಮ ಮೆತ್ತಗಾಗುವ ಮೊದಲು ಇಳಿದುಬಿಡಿ. ಮಧ್ಯಾಹ್ನದ ಮೇಲೆ ಹುಮ್ಮಸ್ಸು ಬಂದರೆ ಗುಡಾರದ ಮುಂದೆಯೇ ಕೂತು ಇನ್ನೊಂದು ಸುತ್ತು ಮಾಟೆ ಕುಡಿಯಿರಿ. ಅಷ್ಟಾಗಿಯೂ ಎದ್ದು ಹೊರಟಿರೋ, ದಯವಿಟ್ಟು ಒಮ್ಮೆ ಹಿಂತಿರುಗಿ ನೋಡಿ. ನೀವು ಒಬ್ಬರೇ ಆಗಬಾರದೆಂದು ಯಾರು ಬೂಟಿನ ದಾರ ಕಟ್ಟುತ್ತಿದ್ದಾರೆ, ನೋಡಿ.