ಸಕ್ಕುಬಾಯಿಯ ಹೆಬ್ಬೆಟ್ಟು

“ನಿನ್ನ ಹೆಬ್ಬಟ್ಟಿಗಿ ಬೆಂಕಿ ಹತ್ತಲಿ, ಮತ್ತ ಬಂದ್ ಮಾಡಿದಿ ನೋಡು” ಎಂದು ಕಂಪನಿಯ ಮಾಲೀಕ ಗುರಣ್ಣ ದೇಸಾಯರು ಸಕ್ಕುಬಾಯಿಯ ಕೈಯಿಂದ ಯಂತ್ರ ಕಿತ್ತುಕೊಂಡರು. ಕಿತ್ತುಕೊಂಡು ಕರವಸ್ತ್ರದಿಂದ ಒರೆಸಿದರು. ಅವಳು ಒರೆಸಿದ ಫರಶಿಯ ಮೇಲೆ ದಿನವೂ ನಡೆಯುವ ಮನುಷ್ಯ, ಅವಳು ಮುಟ್ಟಿದ ಯಂತ್ರದ ಗಾಜನ್ನು ಮಾತ್ರ ಒರೆಸದೆ ಹಿಡಿಯುತ್ತಿರಲಿಲ್ಲ.

ಯೆರವಡಾದ ಆ ಕಂಪನಿಯಲ್ಲಿ ಸಕ್ಕುಬಾಯಿ ಸಂಡಾಸು ತೊಳೆಯುವವಳು, ಅಫಜಲಪುರದ ಕಡೆಯವಳು. ಎರಡು ಸಾವಿರದ ಮೂರನೇ ಇಸವಿ. ಮೇಜಿನ ಮೇಲಿನ ಕಂಪ್ಯೂಟರಿನ ಸಂಸಾರವನ್ನೆಲ್ಲ ಅಂಗೈಯಗಲದ ಯಂತ್ರಕ್ಕೆ ಇಳಿಸುವ ಕೆಲಸ ಅಲ್ಲಿ ನಡೆದಿತ್ತು. ದೇಸಾಯರಿಗೆ ಯಾವುದನ್ನೂ ಬಿಡಲು ಮನಸ್ಸಿಲ್ಲ. ಮೌಸಿನ ಬಾಣಕ್ಕೆ ಸರಿಹೋಗುತ್ತಿದ್ದ ಗುಂಡಿಗಳು ಈಗ ಎಳ್ಳುಕಾಳಿನಷ್ಟಾಗಿ ಒಂದರ ಮೈಮೇಲೊಂದು ಕುಳಿತಿದ್ದವು. ಓದು ಬಾರದವರೂ ಬಳಸುವಂತಿರಬೇಕು ಎಂದು ಯಂತ್ರ ಕೊಳ್ಳುವ ಸಾಹೇಬರು ಹೇಳಿದ್ದರಂತೆ. ಅಂಥವರನ್ನು ಹುಡುಕಲು ದೇಸಾಯರು ದೂರವೇನೂ ಹೋಗಲಿಲ್ಲ, ಸಂಡಾಸಿನ ಬಾಗಿಲು ಬಡಿದರು.

ಒತ್ತು ಎಂದರೆ ಸಕ್ಕುಬಾಯಿಗೆ ಗೊತ್ತಿದ್ದದ್ದು ಒಂದೇ ರೀತಿ. ರೇಷನ್ ಅಂಗಡಿಯಿರಲಿ, ಬ್ಯಾಂಕಿರಲಿ, ಹೆಬ್ಬೆಟ್ಟನ್ನು ಎಡದಂಚಿನಿಂದ ಬಲದಂಚಿಗೆ ಉರುಳಿಸಬೇಕು. ಇಲ್ಲೂ ಗಾಜಿನ ಮೇಲೆ ಶ್ರದ್ಧೆಯಿಂದ ಉರುಳಿಸಿದಳು. ಒಂದು ಕಿಟಕಿ ತೆರೆಯಿತು, ಇನ್ನೊಂದು ಅಡ್ಡ ಬಂತು, ಮತ್ತೊಂದಕ್ಕೆ ಯಂತ್ರವೇ ಕಣ್ಣು ಮುಚ್ಚಿತು. ಕಂಪನಿಯ ಹುಡುಗರು ಬಿದ್ದು ಬಿದ್ದು ನಕ್ಕರು.

“ಕಲ್ಲಿಗಿ ತಿಕ್ಕಿ ಸಣ್ಣ ಮಾಡ್ಕೊಂಡ್ ಬಾ” ಎಂದರು ದೇಸಾಯರು. “ನಾಳಿ ಸಾಹೇಬರ ಮುಂದ ಹಿಂಗಾತಂದ್ರ ನಿನ್ನ ಕೆಲಸ ಹೋತು.”

ಸಕ್ಕುಬಾಯಿಗೆ ಸಿಟ್ಟು ಬಂತು. ಕೆಲಸ ಹೋದರೆ ಒಲೆ ಆರುತ್ತದೆಂಬ ಭಯ ಆ ಸಿಟ್ಟಿಗಿಂತ ದೊಡ್ಡದು. ಮನೆಗೆ ಹೋಗಿ ನಿಜವಾಗಿಯೂ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿದಳು. ಚರ್ಮ ಸುಲಿಯಿತು, ಹೆಬ್ಬೆಟ್ಟು ಇದ್ದಷ್ಟೇ ದಪ್ಪ ಉಳಿಯಿತು.

ಮರುದಿನ ಸಾಹೇಬರು ಬಂದು ಕುರ್ಚಿಗಳಲ್ಲಿ ಕುಳಿತರು. ನಿಂತಿದ್ದವಳು ಸಕ್ಕುಬಾಯಿ ಒಬ್ಬಳೇ. ಒತ್ತಿದಳು, ಯಂತ್ರ ಕಣ್ಣು ಮುಚ್ಚಿತು. ಯಂತ್ರದ್ದೇನೂ ದೋಷವಿಲ್ಲ, ಈ ಜನರ ಕೈಯೇ ಹೀಗೆ, ಎಮ್ಮೆಯ ಗೊರಸು ಎಂದು ದೇಸಾಯರು ಮರಾಠಿಯಲ್ಲಿ ನಗುತ್ತ ಸಾಹೇಬರಿಗೆ ತಿಳಿಸಿದರು. ಆಮೇಲೆ ಇವಳತ್ತ ತಿರುಗಿ ಕನ್ನಡಕ್ಕೆ ಇಳಿದರು. “ತಪ್ಪು ನಂದು ಅಂತ ನಿನ್ನ ಬಾಯಿಲೇ ಹೇಳು, ರಂಡೆ.”

ಕೆಲಸ ಹೋಯಿತೆಂಬುದು ಅವಳಿಗೆ ಆಗಲೇ ಖಾತ್ರಿಯಾಗಿತ್ತು. ಹೋದ ಮೇಲೆ ಇನ್ನೆಲ್ಲಿಯ ಭಯ?

“ಹೇಳ್ತೀನ್ರಿ. ಮೊದಲ ನಿಮ್ದೊಂದು ಒತ್ತೂಣು” ಎಂದು ದೇಸಾಯರ ಮಣಿಕಟ್ಟನ್ನೇ ಹಿಡಿದಳು. ಫಿನಾಯಿಲು ನಾರುವ ಕೈ. ಸಂಬಳದ ದಿನ ಗುಮಾಸ್ತ ಅವಳ ಕೈಯನ್ನು ಹಿಡಿಯುವುದು ಹೀಗೆಯೇ, ಉಳಿದ ಬೆರಳುಗಳನ್ನು ಮಡಚಿ, ಹೆಬ್ಬೆಟ್ಟನ್ನು ಮುಂದಕ್ಕೆ ಚಾಚಿಸಿ. ದೇಸಾಯರ ಹೆಬ್ಬೆಟ್ಟನ್ನು ಗಾಜಿನ ಮೇಲೆ ಎಡದಂಚಿನಿಂದ ಬಲದಂಚಿಗೆ ಉರುಳಿಸಿದಳು. ಒಂದು ಕಿಟಕಿ ತೆರೆಯಿತು, ಇನ್ನೊಂದು ಅಡ್ಡ ಬಂತು, ಯಂತ್ರ ಕಣ್ಣು ಮುಚ್ಚಿತು.

ಸಾಹೇಬರು ಕುರ್ಚಿಯಿಂದ ಎದ್ದು ಬಗ್ಗಿ ನೋಡಿದರು. ದೇಸಾಯರು ಮುಖ ಕೆಂಪು ಮಾಡಿಕೊಂಡು ಕೈ ಜಗ್ಗಿದರು. ದಿನವೂ ನೆಲ ತಿಕ್ಕಿದ ಕೈಯ ಹಿಡಿತ, ಅಲುಗಲಿಲ್ಲ.

“ಬಿಡ ಹಲ್ಕಟ್, ಬಿಡ.”

“ಕೈ ಸಡ್ಲ ಬಿಡ್ರಿ, ಮಾಲಕರ” ಎಂದಳು ಸಕ್ಕುಬಾಯಿ. “ಬಿಗಿ ಹಿಡದ್ರ ಇನ್ನೊಮ್ಮೆ ಒತ್ತಬೇಕಾಗ್ತದ.”

ಮತ್ತೆ ಉರುಳಿಸಿದಳು.